ಬೆಳಕಿರುವಾಗಲೇ ಎತ್ತಿಡಿ ಒಂದು ಮೇಣದಬತ್ತಿ

ಕ್ರಿಸ್‌ಮಸ್ ಮುಗಿದರೆ ಕ್ರೈಸ್ತರ ಬೆಳಕಿನ ಹಬ್ಬವೂ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಅಂದಿನಿಂದ ಎಣಿಸಿದರೆ 40ನೇ ದಿನ, ಅಂದರೆ ಫೆಬ್ರುವರಿ 2ರಂದು, ಇನ್ನೊಂದು ಹಬ್ಬವಿದೆ. ಅದೇ ಕ್ಯಾಂಡಲ್‌ಮಸ್. ಅಂದು ಚರ್ಚುಗಳಲ್ಲಿ ಮೇಣದಬತ್ತಿಗಳನ್ನು ಆಶೀರ್ವದಿಸಿ, ಹಚ್ಚಿಕೊಂಡು ಮೆರವಣಿಗೆ ಹೊರಡುತ್ತಾರೆ.

ಇದರ ಮೂಲ ಲೂಕನ ಸುವಾರ್ತೆಯಲ್ಲಿದೆ. ಮೇರಿ ಮತ್ತು ಜೋಸೆಫ್ ಕೂಸು ಯೇಸುವನ್ನು ಜೆರುಸಲೇಮಿನ ದೇವಾಲಯಕ್ಕೆ ಕರೆತರುತ್ತಾರೆ. ಕುರಿಮರಿ ಕೊಡಲಾಗದ ಬಡವರು ಎರಡು ಹಕ್ಕಿಗಳನ್ನು ಅರ್ಪಿಸಬಹುದಿತ್ತು. ಇವರ ಕಾಣಿಕೆಯೂ ಅದೇ. ಅಲ್ಲಿ ಮಗುವನ್ನು ಗುರುತಿಸಿದವರು ಅರಸರಲ್ಲ, ಅಧಿಕಾರಿಗಳಲ್ಲ. ಕಾಯುತ್ತಲೇ ಇದ್ದ ಸಿಮೆಯೋನ ಮತ್ತು ಇಳಿವಯಸ್ಸಿನ ವಿಧವೆ ಅನ್ನಾ. ಈ ಮಗು ಜನರಿಗೆ ಬೆಳಕಾಗುತ್ತದೆ ಎಂದ ಸಿಮೆಯೋನನ ಮಾತಿಗೂ ಮೇಣದಬತ್ತಿಗೂ ಇರುವ ನಂಟೇ ಈ ಹಬ್ಬ.

ಊರು ಬದಲಾದಂತೆ ಆಚರಣೆಯೂ ಬದಲಾಯಿತು. ಫ್ರಾನ್ಸಿನಲ್ಲಿ ಒಂದು ಕೈಯಲ್ಲಿ ನಾಣ್ಯ ಹಿಡಿದು, ಇನ್ನೊಂದು ಕೈಯಿಂದ ಕ್ರೇಪ್ ಎಂಬ ತೆಳು ದೋಸೆಯನ್ನು ಹಾರಿಸಿ ಮಗುಚುತ್ತಾರೆ. ವರ್ಷವಿಡೀ ಹಣಕ್ಕೆ ಕೊರತೆಯಾಗದೆಂಬ ನಂಬಿಕೆ. ಜರ್ಮನಿಯಲ್ಲಿ ಅಂದಿನ ಬಿಸಿಲು ನೋಡಿ ಇನ್ನೆಷ್ಟು ಚಳಿ ಬಾಕಿಯಿದೆ ಎಂದು ಅಂದಾಜಿಸುತ್ತಿದ್ದರು. ವಲಸೆ ಹೋದವರೊಂದಿಗೆ ಆ ನಂಬಿಕೆ ಅಮೆರಿಕಕ್ಕೂ ಹೋಯಿತು. ಪೆನ್ಸಿಲ್ವೇನಿಯಾದ ಪಂಕ್ಸಟಾನಿ ಪಟ್ಟಣದಲ್ಲಿ 1887ರಿಂದ ಗ್ರೌಂಡ್‌ಹಾಗ್ ಎಂಬ ಬಿಲದ ಪ್ರಾಣಿಯೇ ಜ್ಯೋತಿಷಿ. ಅದಕ್ಕೆ ತನ್ನ ನೆರಳು ಕಂಡರೆ ಚಳಿ ಇನ್ನೂ 6 ವಾರ!

ಪೋಲೆಂಡಿನ ರೂಢಿ ಬೇರೆ. ಆಶೀರ್ವದಿಸಿದ ಮೇಣದಬತ್ತಿಯನ್ನು ಮನೆಗೆ ತಂದು ಎತ್ತಿಡುತ್ತಾರೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ, ಮನೆಯವರೊಬ್ಬರ ಕೊನೆಗಳಿಗೆಯಲ್ಲಿ ಅದನ್ನು ಹಚ್ಚುವುದು ಅಲ್ಲಿನ ಸಂಪ್ರದಾಯ.

ನನಗೆ ಹಿಡಿಸಿದ್ದು ಇದು. ಡಿಗ್ರಿ ಮುಗಿಸಿ ನೇಮಕಾತಿ ಅಧಿಸೂಚನೆಗೆ ಕಾಯುವ ನಾವು ಗ್ರೌಂಡ್‌ಹಾಗ್ ಹಿಂದೆಯೇ ಓಡುವವರು. ಪರೀಕ್ಷೆ ಯಾವಾಗ, ಕಟ್‌ಆಫ್ ಎಷ್ಟು, ಈ ಸಲ ಹುದ್ದೆಗಳೆಷ್ಟು? ಟೆಲಿಗ್ರಾಂ ಗುಂಪುಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಇದೇ ಭವಿಷ್ಯ. ಇನ್ನೆಷ್ಟು ವಾರ ಚಳಿ ಎಂದು ಗೊತ್ತಾದ ಮಾತ್ರಕ್ಕೆ ನಡುಕ ನಿಲ್ಲುತ್ತದೆಯೇ?

‘ಇನ್ನೂ ಕೆಲಸ ಸಿಗಲಿಲ್ವಾ?’ ಎಂದು ಮದುವೆ ಮನೆಯಲ್ಲಿ ಕೇಳುವ ನೆಂಟರಿಗೆ ಸಿಮೆಯೋನನ ಕಥೆ ಹೇಳಬೇಕು. ಕಾಯುವುದು ಸೋಲಲ್ಲ. ಹಾಗೆಂದು ಬರಿಗೈಯಲ್ಲಿ ಕಾಯುವುದೂ ತರವಲ್ಲ. ಕಲಿತಿಟ್ಟ ಒಂದು ಕೆಲಸ, ಕಷ್ಟಕ್ಕೆ ಫೋನ್ ಎತ್ತುವ ಒಬ್ಬ ಗೆಳೆಯ, ದಿನಕ್ಕೆ ನಾಲ್ಕು ಪುಟದ ಓದು, ಇವೆಲ್ಲ ನಾವು ಎತ್ತಿಡಬಹುದಾದ ಬತ್ತಿಗಳು. ಕರೆಂಟು ಹೋದ ಮೇಲೆ ಮೇಣದಬತ್ತಿಗೆ ತಡಕಾಡುವುದು ನಮ್ಮ ಅಭ್ಯಾಸ. ಬೆಳಕಿರುವಾಗಲೇ ಎತ್ತಿಡಿ ಎನ್ನುತ್ತದೆ ಈ ಹಬ್ಬ.