ಹಿಂದಿನ ಸಾಲಿನ ಪ್ರಶ್ನೆ

ಮಕ್ಕಳೊಡನೆ ಕುಳಿತು ಚಲಚ್ಚಿತ್ರವನ್ನು ನೋಡುವುದು ಹಿರಿಯರಿಗೆ ಕಾಲಹರಣವೆಂದು ನಾವು ಬಹುಕಾಲ ಎಣಿಸಿದ್ದೆವು. ಆ ಎಣಿಕೆ ತಪ್ಪೆಂಬುದನ್ನು ಮೊನ್ನೆ ಮೊಮ್ಮಕ್ಕಳೊಡನೆ ನೋಡಿದ ಚಿತ್ರವೊಂದು ತೋರಿಸಿಕೊಟ್ಟಿತು. ಅದು ಅಮೆರಿಕದ ರಾನ್ ಹೊವಾರ್ಡ್ ಎಂಬವರು ನಿರ್ದೇಶಿಸಿ 2022ರಲ್ಲಿ ಹೊರಬಂದ 'ಥರ್ಟೀನ್ ಲೈವ್ಸ್', ಎಂದರೆ 'ಹದಿಮೂರು ಜೀವಗಳು'.

ಅದರ ವೃತ್ತಾಂತವು ವಾಚಕರಿಗೆ ನೆನಪಿರಬಹುದು. 2018ನೆಯ ಜೂನ್ 23ರಂದು ಥಾಯ್ಲೆಂಡಿನ ಚಿಯಾಂಗ್ ರಾಯ್ ಪ್ರಾಂತದ ಥಾಮ್ ಲುವಾಂಗ್ ಗುಹೆಯನ್ನು ಹೊಕ್ಕ ಹನ್ನೆರಡು ಮಂದಿ ಬಾಲಕರೂ ಅವರ ಚೆಂಡಾಟದ ಶಿಕ್ಷಕನೂ ಮಳೆನೀರು ನುಗ್ಗಿದುದರಿಂದ ಒಳಗೇ ಸಿಕ್ಕಿಕೊಂಡರು. ಜುಲೈ 2ರಂದು ಇಬ್ಬರು ಬ್ರಿಟಿಷ್ ಮುಳುಗುಗಾರರು ಅವರನ್ನು ಕಂಡುಹಿಡಿದರು. ಜುಲೈ 8ರಿಂದ 10ರೊಳಗೆ ಹದಿಮೂವರೂ ಜೀವಸಹಿತರಾಗಿ ಹೊರಬಂದರು.

ಆಗ ನಾವಿನ್ನೂ ಉಪಾಧ್ಯಾಯ ವೃತ್ತಿಯಲ್ಲಿದ್ದೆವು. ಆ ಇಬ್ಬರ ಹೆಸರನ್ನು ಹಲಗೆಯ ಮೇಲೆ ಬರೆದು, ಅವರ ಸಾಹಸವನ್ನು ಬಣ್ಣಿಸಿದೆವು. ಹಿಂದಿನ ಸಾಲಿನ ಹುಡುಗನೊಬ್ಬನು, "ಆ ಊರಿನವರು ಏನೂ ಮಾಡಲಿಲ್ಲವೇ, ಸಾರ್?" ಎಂದನು. "ದೇವರಿಗೆ ಮೊರೆಯಿಟ್ಟರು" ಎಂದು ಹೇಳಿ ಪಾಠವನ್ನು ಮುಂದುವರಿಸಿದೆವು.

ನಮ್ಮ ಉತ್ತರವೆಷ್ಟು ಕ್ಷುದ್ರವಾದುದೆಂಬುದು ಈಗ ಗೊತ್ತಾಯಿತು. ಥಾಯ್ ನೌಕಾದಳದಿಂದ ನಿವೃತ್ತನಾಗಿದ್ದ ಸಮನ್ ಕುನಾನ್ ಎಂಬಾತನು ತಾನಾಗಿ ಬಂದು, ಗುಹೆಯೊಳಕ್ಕೆ ವಾಯುಪಾತ್ರೆಗಳನ್ನು ಒಯ್ದಿರಿಸಿ, ಮರಳುವಾಗ ಜುಲೈ 6ರಂದು ಪ್ರಾಣವನ್ನು ನೀಗಿದನು. ಬೇರುತ್ ಪಾಕ್‌ಬಾರಾ ಎಂಬ ಮತ್ತೊಬ್ಬ ನಾವಿಕನು ಆ ಕಾರ್ಯದಲ್ಲಿ ತಗಲಿದ ರಕ್ತದ ಸೋಂಕಿನಿಂದ 2019ರ ಡಿಸೆಂಬರಿನಲ್ಲಿ ಮಡಿದನು. ಬೆಟ್ಟದ ನೀರು ಗುಹೆಗೆ ಇಳಿಯದಂತೆ ತಿರುಗಿಸಿದವರುಂಟು. ಆ ನೀರಿನಲ್ಲಿ ತಮ್ಮ ಪೈರು ಮುಳುಗುವುದೆಂದು ತಿಳಿದೂ ಒಡಂಬಟ್ಟ ರೈತರುಂಟು. ಇವರೆಲ್ಲರಿಗೂ ಚಿತ್ರದಲ್ಲಿ ಸ್ಥಾನವಿದೆ. ಅವರು ಮಾತನಾಡುವುದೂ ತಮ್ಮ ಭಾಷೆಯಲ್ಲಿಯೇ.

ಹಿಂದೆ ಹೀಗಿರಲಿಲ್ಲ. 1984ರಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್' ಎಂಬ ಚಿತ್ರದಲ್ಲಿ ನಮ್ಮ ದೇಶದ ಹಳ್ಳಿಯ ಮಕ್ಕಳನ್ನು ಬಿಡಿಸುವವನು ಅಮೆರಿಕದ ಪಂಡಿತನು. ಹಳ್ಳಿಗರ ಪಾಲಿಗೆ ಉಳಿದುದು ಕೈಮುಗಿದು ಕಾಯುವುದಷ್ಟೆ. ಅರಮನೆಯವರ ಪಾಲಿಗೆ ಹಾವನ್ನೂ ಕೋತಿಯ ಮಿದುಳನ್ನೂ ತಿನ್ನುವುದು! ಆ ಚಿತ್ರವನ್ನು ನೋಡಿ ನಾವು ರೇಗಿದ್ದೆವು. ಅದೇ ಅನ್ಯಾಯವನ್ನು ಥಾಯ್ ಜನರಿಗೆ ನಾವೇ ಮಾಡಿದಾಗ ಮಾತ್ರ ನಮಗೆ ಅರಿವಾಗಲಿಲ್ಲ.

ಹೊಸ ಚಿತ್ರವೂ ನಿರ್ದುಷ್ಟವಲ್ಲ. ಅದರ ದೃಷ್ಟಿ ಹೆಚ್ಚಾಗಿ ಪರದೇಶದ ಮುಳುಗುಗಾರರ ಮೇಲೆಯೇ ನಿಲ್ಲುತ್ತದೆ. ಕತ್ತಲೆಯಲ್ಲಿ ಹಸಿವನ್ನು ತಡೆದು ಕುಳಿತ ಬಾಲಕರ ಅಂತರಂಗವು ನಮಗೆ ಕಾಣಿಸುವುದು ಸ್ವಲ್ಪವೇ. ಆದರೂ ದಾರಿ ಸರಿಯಾದುದು. ಪರದೇಶದವರ ಶೌರ್ಯವನ್ನು ಕುಗ್ಗಿಸದೆಯೇ ಸ್ವದೇಶದವರ ಶೌರ್ಯವನ್ನು ಹೇಳಬಹುದೆಂಬುದನ್ನು ಅದು ತೋರಿಸುತ್ತದೆ.

ನಮ್ಮ ಆದಿಕವಿಗೆ ಇದು ತಿಳಿದಿತ್ತು. ಸೀತೆಯನ್ನು ಬಿಡಿಸಿದ ಕಥೆಯಲ್ಲಿ ಸಮುದ್ರವನ್ನು ದಾಟಿದವನು ಹನುಮಂತನೇ ಸರಿ. ಆದರೆ ಮೊದಲು ಅಡ್ಡಬಂದು ರೆಕ್ಕೆ ಕಳೆದುಕೊಂಡ ಮುದಿ ಹಕ್ಕಿಯನ್ನು ಕವಿಯು ಮರೆಯಲಿಲ್ಲ. ಜಟಾಯುವಿಗೆ ರಾಮನೇ ಅಗ್ನಿಸಂಸ್ಕಾರವನ್ನು ಮಾಡಿದನು. ನಲವತ್ತು ವರ್ಷ ಆ ಕಾವ್ಯವನ್ನು ಓದಿದ ನಾವು ಸಮನ್ ಕುನಾನನ ಹೆಸರನ್ನು ಹಲಗೆಯ ಮೇಲೆ ಬರೆಯಲಿಲ್ಲ.

ವಾಚಕರು ಮಕ್ಕಳೊಡನೆ ಇಂಥ ಚಿತ್ರಗಳನ್ನು ನೋಡುವಾಗ, ಮುಗಿದ ಮೇಲೆ, ಆ ಹುಡುಗನ ಪ್ರಶ್ನೆಯನ್ನೇ ಕೇಳಬೇಕೆಂದು ನಮ್ಮ ಬಿನ್ನಹ. ಅವನು ಈಗ ಎಲ್ಲಿರುವನೋ ಕಾಣೆವು. ಈ ಪುಟವು ಅವನ ಕೈಗೆ ಸಿಕ್ಕಿದರೆ, ತಡವಾದ ಉತ್ತರವನ್ನು ಒಪ್ಪಿಕೊಳ್ಳಲಿ: ಬಹಳ ಮಾಡಿದರು, ಮಗು, ನಿನ್ನ ಉಪಾಧ್ಯಾಯರು ತಿಳಿದುಕೊಂಡಿರಲಿಲ್ಲ.