ಕಾಯಕಕ್ಕೂ ದಾಸೋಹಕ್ಕೂ ನಡುವೆ ಒಂದು ಲೆಕ್ಕದ ವಹಿ

ಕಳೆದ ತಿಂಗಳು ನಮ್ಮೂರ ಮಠದಲ್ಲಿ ಶಿವಾನುಭವ ಗೋಷ್ಠಿ ಮುಗಿದ ಮೇಲೆ ಪ್ರಸಾದಕ್ಕೆ ಕುಳಿತಿದ್ದೆವು. ನನ್ನ ಪಕ್ಕದಲ್ಲಿದ್ದ ತರುಣ ಮಠದ ಪ್ರಸಾದ ನಿಲಯದಲ್ಲೇ ಇದ್ದು ಓದಿದವನು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾಗಿತ್ತು. “ಕಾಕಾ, ಮುಂದಿನ ವಾರ ಮೊದಲನೇ ಪಗಾರ ಬರತೈತ್ರಿ. ಅದನ್ನ ಏನ್ ಮಾಡ್ಬೇಕ್ರಿ?” ಎಂದು ಕೇಳಿದ. ಒಬ್ಬ ಹಿರಿಯರು “ತಾಯಿ ಕೈಯಾಗ ಕೊಡಪಾ” ಎಂದರು. ಇನ್ನೊಬ್ಬರು ಒಂದಿಷ್ಟು ದಾಸೋಹಕ್ಕೆ ಸಲ್ಲಿಸು ಎಂದರು. ಮತ್ತೊಬ್ಬರು ತಮ್ಮ ಅಳಿಯ ವಿಮಾ ಏಜೆಂಟ್, ಫೋನ್ ನಂಬರ್ ಕೊಡುತ್ತೇನೆ ಎಂದರು. ಎಲ್ಲರೂ ನಕ್ಕೆವು. ಹುಡುಗನೂ ನಕ್ಕ. ಆದರೆ ಅವನ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ನಾನೂ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ಅದು ಮನಸ್ಸನ್ನು ಕೊರೆಯತೊಡಗಿತು. ನಮ್ಮ ಮಕ್ಕಳಿಗೆ ನಾವು ಕಾಯಕ ಕಲಿಸುತ್ತೇವೆ, ದಾಸೋಹ ಕಲಿಸುತ್ತೇವೆ. ದುಡಿದದ್ದು ಕೈಗೆ ಬಂದ ಮೇಲೆ, ಕೊಡುವುದಕ್ಕೆ ಮೊದಲು, ಅದನ್ನು ಹೇಗೆ ನಿಭಾಯಿಸಬೇಕು ಎಂಬುದನ್ನು ಯಾರೂ ಕಲಿಸುವುದಿಲ್ಲ. ಮನೆಯಲ್ಲಿ ದುಡ್ಡಿನ ಮಾತು ಬಂದರೆ ಮಕ್ಕಳನ್ನು ಹೊರಗೆ ಕಳಿಸುತ್ತೇವೆ. ಅದನ್ನೇ ಮರ್ಯಾದೆ ಎಂದುಕೊಂಡಿದ್ದೇವೆ. ಈ ಮರ್ಯಾದೆಗೆ ನನ್ನ ಮನೆ ಎರಡು ತಲೆಮಾರು ಬೆಲೆ ತೆತ್ತಿದೆ. ಅದನ್ನು ಇಲ್ಲಿ ಹೇಳಿಕೊಳ್ಳಬೇಕೆಂದೇ ಈ ಲೇಖನ.

ನಾನು 1985ರಲ್ಲಿ ಸಹಾಯಕ ಇಂಜಿನಿಯರ್ ಆಗಿ ಸರ್ಕಾರಿ ಕೆಲಸಕ್ಕೆ ಸೇರಿದೆ. ಆಗ ಪಗಾರ ನಗದಾಗಿ ಬರುತ್ತಿತ್ತು, ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಹಾಕಿ ಎಣಿಸಿಕೊಳ್ಳುತ್ತಿದ್ದೆವು. ಮೂರನೇ ತಿಂಗಳೋ ನಾಲ್ಕನೇ ತಿಂಗಳೋ ಇರಬೇಕು, ಒಬ್ಬ ಸಹೋದ್ಯೋಗಿ ಬಂದು ಪತ್ತಿನ ಸಂಘದ ಸಾಲಕ್ಕೆ ಜಾಮೀನು ಹಾಕು ಎಂದ. “ಬರೇ ಫಾರ್ಮಾಲಿಟಿ” ಅಂದ. ಕಾಗದ ಓದದೆ ಸಹಿ ಹಾಕಿದೆ. ವರ್ಷ ಕಳೆಯುವುದರೊಳಗೆ ಅವನಿಗೆ ವರ್ಗವಾಯಿತು, ಕಂತು ನಿಂತಿತು. ಸಂಘದಿಂದ ನಮ್ಮ ಕಚೇರಿಗೆ ಪತ್ರ ಬಂತು. ಮೂರು ವರ್ಷ ನನ್ನ ಪಗಾರದಲ್ಲಿ ಅವನ ಸಾಲ ಕಡಿತವಾಯಿತು. ಅದೇ ಹೊತ್ತಿಗೆ ತಂಗಿಯ ಮದುವೆ ಬಂತು. ನನ್ನ ಕೈಯಲ್ಲಿ ಹಣವಿರಲಿಲ್ಲ. ಅಪ್ಪ ಹೊಲದ ಮೇಲೆ ಕೈಸಾಲ ತಂದರು. ಮಗನಿಗೆ ಸರ್ಕಾರಿ ನೌಕರಿ ಇದ್ದೂ ಯಾಕೆ ಹೀಗಾಯಿತು ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಲಿಂಗೈಕ್ಯರಾಗುವವರೆಗೂ ಹೇಳಲಿಲ್ಲ.

1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು ಜಾಮೀನುದಾರನ ಹೊಣೆಯನ್ನು ಸಾಲಗಾರನ ಹೊಣೆಗೆ ಸರಿಸಮ ಎನ್ನುತ್ತದೆ. ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲ ಕೊಟ್ಟವರು ಮೊದಲು ಅವನನ್ನೇ ಹಿಡಿಯಬೇಕೆಂದಿಲ್ಲ, ನೇರವಾಗಿ ನಮ್ಮನ್ನೇ ಹಿಡಿಯಬಹುದು. ಇದು ತಿಳಿದಾಗ ನನಗೆ ಮೂವತ್ತು ದಾಟಿತ್ತು. ಕಾಂಕ್ರೀಟಿನ ಬಲ ಲೆಕ್ಕ ಹಾಕಲು ಕಾಲೇಜು ನನಗೆ ಕಲಿಸಿತ್ತು. ನನ್ನದೇ ಸಹಿಯ ಭಾರ ಎಷ್ಟೆಂದು ಯಾರೂ ಕಲಿಸಿರಲಿಲ್ಲ.

ಇಲಾಖೆಯಲ್ಲಿ ಮೂವತ್ತೈದು ವರ್ಷ ‘ಎಂ.ಬಿ.’ ಬರೆದೆ. ಎಂ.ಬಿ. ಎಂದರೆ ಅಳತೆ ಪುಸ್ತಕ. ಎಷ್ಟು ಅಗೆದರು, ಎಷ್ಟು ಕಲ್ಲು ಕಟ್ಟಿದರು ಎಂಬುದೆಲ್ಲ ಅದರಲ್ಲಿ ದಾಖಲಾಗಬೇಕು. ತಪ್ಪಾದರೆ ಅಳಿಸುವ ಹಾಗಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಸರ್ಕಾರದ ಪ್ರತಿ ಘನ ಮೀಟರಿಗೂ ಲೆಕ್ಕ ಇಟ್ಟ ನಾನು ನನ್ನ ಮನೆಗೆ ಒಂದು ವಹಿ ಇಡಲಿಲ್ಲ. ಪಿಂಚಣಿ ಕಾಗದಪತ್ರ ತಯಾರಿಸುವಾಗ, ಭವಿಷ್ಯ ನಿಧಿ ಎಷ್ಟಿದೆ, ಪಾಲಿಸಿಗಳು ಎಲ್ಲಿವೆ ಎಂಬುದು ನನ್ನ ಶ್ರೀಮತಿಗೆ ಗೊತ್ತೇ ಇರಲಿಲ್ಲ. “ನಾಳೆ ನಿಮಗೇನಾದ್ರೂ ಆದ್ರ ನಾ ಯಾರ್ನ ಕೇಳ್ಲಿ?” ಎಂದಳು. ಉತ್ತರ ಹೊಳೆಯಲಿಲ್ಲ.

ಎರಡನೇ ಪೆಟ್ಟು ಮಗನ ಕಡೆಯಿಂದ ಬಂತು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಪಗಾರ ಚೆನ್ನಾಗಿತ್ತು, ಆದರೂ ತಿಂಗಳ ಕೊನೆಗೆ ಕೈ ಖಾಲಿ. ಒಂದು ಹಬ್ಬಕ್ಕೆ ಬಂದಾಗ ಒತ್ತಾಯ ಮಾಡಿ ಕೇಳಿದೆ. ಕ್ರೆಡಿಟ್ ಕಾರ್ಡಿನಲ್ಲಿ 60,000 ರೂಪಾಯಿ ಬಾಕಿ ಇತ್ತು. “ಪ್ರತಿ ತಿಂಗಳೂ ಕಟ್ಟತೇನಪ್ಪಾ, ಒಂದು ಸಲಾನೂ ತಪ್ಪಿಸಿಲ್ಲ” ಎಂದ. ನಿಜ, ಅವನು ಕಟ್ಟುತ್ತಿದ್ದ. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಬರೆದಿದ್ದ 3,000 ರೂಪಾಯಿಯನ್ನು ಮಾತ್ರ ಕಟ್ಟುತ್ತಿದ್ದ.

ಆ ಸಂಜೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬಡ್ಡಿ ತಿಂಗಳಿಗೆ ಶೇ. 3.5. ಅರವತ್ತು ಸಾವಿರಕ್ಕೆ 2,100 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 378. ಒಟ್ಟು 2,478. ಕಟ್ಟಿದ ಮೂರು ಸಾವಿರದಲ್ಲಿ ಅಸಲಿಗೆ ಸೇರಿದ್ದು 522 ರೂಪಾಯಿ. ಅದೂ ಆ ತಿಂಗಳು ಹೊಸದಾಗಿ ಏನೂ ಕೊಳ್ಳದಿದ್ದರೆ ಮಾತ್ರ. ಹಳೆಯ ಬಾಕಿ ಇರುವಾಗ ಹೊಸ ಖರೀದಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಾನು ನನ್ನ ಜಾಮೀನಿನ ಕಥೆ ಹೇಳಿದೆ, ಜೀವನದಲ್ಲಿ ಮೊದಲ ಸಲ. ಕೇಳಿ ಅವನು ಅಂದದ್ದು ಇಷ್ಟೇ: “ಅಪ್ಪಾ, ಇದನ್ನ ಮೊದಲ ಯಾಕ ಹೇಳಲಿಲ್ಲ?”

ಆ ಪ್ರಶ್ನೆ ನನ್ನೊಬ್ಬನಿಗೆ ಕೇಳಿದ್ದಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಇದನ್ನು ಗೋಷ್ಠಿಯಲ್ಲಿ ಪ್ರಸ್ತಾಪಿಸಿದಾಗ ಒಬ್ಬ ಹಿರಿಯ ಶರಣರು ಆಕ್ಷೇಪ ಎತ್ತಿದರು. ನಾಳೆಗೆ ಕೂಡಿಡುವುದನ್ನು ಶರಣರು ಒಪ್ಪಲಿಲ್ಲ, ಮಠದ ಪತ್ರಿಕೆ ಹಣ ಕೂಡಿಡುವ ಪಾಠ ಮಾಡುವುದು ಸರಿಯೇ ಎಂದರು. ಮಾತಿನಲ್ಲಿ ತೂಕವಿದೆ, ತಳ್ಳಿಹಾಕುವಂಥದ್ದಲ್ಲ. ಆದರೆ ಸಂಗ್ರಹದ ಆಸೆ ಬೇರೆ, ಲೆಕ್ಕ ಬೇರೆ. ಬಸವಣ್ಣನವರು ಮಂಗಳವೇಢೆಯಲ್ಲಿ ಕರಣಿಕರಾಗಿ ಕೆಲಸ ಆರಂಭಿಸಿ ಬಿಜ್ಜಳನ ಭಂಡಾರಿಯಾದವರು. ಭಂಡಾರದ ಹಣ ದುರುಪಯೋಗವಾಗಿದೆ ಎಂಬ ದೂರು ಬಂದಾಗ ಲೆಕ್ಕ ಸರಿಯಾಗಿ ಹೊಂದಿತೆಂದು ನಮ್ಮ ಪರಂಪರೆ ನೆನೆಯುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು. ನಾವು ಇದನ್ನು ನಿರಾಸೆಯ ಕಥೆ ಎಂದು ಹೇಳುತ್ತೇವೆ. ನಿಜವೇ. ಆದರೆ ಮನೆಗೆ ಎಷ್ಟು ಬೇಕು, ಎಷ್ಟು ಬಂದಿದೆ ಎಂದು ತಿಳಿದವಳಿಗೆ ಮಾತ್ರ ಹೆಚ್ಚಾದದ್ದು ಗೊತ್ತಾಗುತ್ತದೆ. ಲೆಕ್ಕ ಇಲ್ಲದ ಮನೆಯಲ್ಲಿ ‘ಸಾಕು’ ಎಂಬ ಮಾತೇ ಹುಟ್ಟುವುದಿಲ್ಲ. ಇನ್ನೊಂದು ಮಾತು: ಬಡ್ಡಿ ಕಟ್ಟುವವನು ದಾಸೋಹ ಮಾಡಲಾರ. ಅವನ ಕಾಯಕದ ಫಲ ಅವನ ಕೈಗೆ ಬರುವ ಮೊದಲೇ ಬೇರೆಯವರ ಪಾಲಾಗಿರುತ್ತದೆ.

ಹಾಗಾದರೆ ಆ ತರುಣನಿಗೆ ಏನು ಹೇಳಬೇಕಿತ್ತು? ಈಗ ಹೇಳುತ್ತೇನೆ.

ತಮ್ಮಾ, ಮೊದಲ ಮೂರು ತಿಂಗಳು ಪ್ರತಿ ಖರ್ಚನ್ನೂ ಬರೆದಿಡು. ಚಹಾದ ದುಡ್ಡನ್ನೂ ಬಿಡಬೇಡ. ಕೆರೆಯ ನೀರು ಏರಿಯ ಅಡಿಯಲ್ಲಿ ಜಿನುಗುವುದು ಮೇಲೆ ನಿಂತವನಿಗೆ ಕಾಣುವುದಿಲ್ಲ, ಅಳೆದರೆ ಮಾತ್ರ ಗೊತ್ತಾಗುತ್ತದೆ. ಉಳಿತಾಯದ ಪಾಲನ್ನು ಪಗಾರ ಬಂದ ದಿನವೇ ಬೇರೆ ಖಾತೆಗೆ ಹಾಕು. ತಿಂಗಳ ಕೊನೆಗೆ ಉಳಿದದ್ದನ್ನು ಉಳಿಸುತ್ತೇನೆ ಎಂದವರು ಉಳಿಸಿದ್ದನ್ನು ನಾನು ಕಂಡಿಲ್ಲ. ಆರು ತಿಂಗಳ ಖರ್ಚಿನಷ್ಟು ಹಣ ಬ್ಯಾಂಕಿನಲ್ಲಿ ಸೇರುವವರೆಗೆ ಬೇರೆ ಹೂಡಿಕೆಯ ಯೋಚನೆ ಬೇಡ.

72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಸುಮಾರು ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂದು ತಿಳಿಯುತ್ತದೆ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ತೆರೆಯಬಹುದಾದ ಪಿಪಿಎಫ್ ಖಾತೆಗೆ 2020ರ ಏಪ್ರಿಲ್‌ನಿಂದ ಶೇ. 7.1 ಬಡ್ಡಿ. ಅಲ್ಲಿ ದುಪ್ಪಟ್ಟಾಗಲು ಹತ್ತು ವರ್ಷ ಬೇಕು. ಕಾರ್ಡಿನ ಬಾಕಿಗೆ ಎರಡು ವರ್ಷವೂ ಬೇಡ. ಬಡ್ಡಿ ನಮ್ಮ ಕಡೆ ನಿಂತಾಗ ನಿಧಾನ, ಎದುರು ನಿಂತಾಗ ಓಟ. ಆದ್ದರಿಂದ ಮೊದಲು ಸಾಲ ತೀರಿಸು. ಆಮೇಲೆ, ಪ್ರತಿ ವರ್ಷ ಏಪ್ರಿಲ್ ಮೊದಲ ವಾರದೊಳಗೆ 24,000 ರೂಪಾಯಿ ಪಿಪಿಎಫ್‌ಗೆ ಹಾಕಿದರೆ, ಇದೇ ಬಡ್ಡಿ ಉಳಿದಲ್ಲಿ 15 ವರ್ಷಕ್ಕೆ ಸುಮಾರು ಆರೂವರೆ ಲಕ್ಷವಾಗುತ್ತದೆ. ನೀನು ಹಾಕಿದ್ದು 3,60,000 ಮಾತ್ರ.

ಕೆಲಸ ಬದಲಿಸಿದಾಗ ಭವಿಷ್ಯ ನಿಧಿಯ ಹಣ ತೆಗೆದು ಮೊಬೈಲ್ ಕೊಳ್ಳಬೇಡ, ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿಕೊ. ವಿಮೆ ಮಾಡಿಸುವುದು ಸಂಸಾರದ ರಕ್ಷಣೆಗೆ, ನೆಂಟರ ಮುಲಾಜಿಗಲ್ಲ. ನನ್ನ ಹತ್ತಿರ ನೆಂಟರು ಮಾಡಿಸಿದ ನಾಲ್ಕು ಪಾಲಿಸಿಗಳಿದ್ದವು. ನಾಲ್ಕೂ ಸೇರಿ ನನ್ನ ಒಂದು ವರ್ಷದ ಪಗಾರದಷ್ಟೂ ಆಗುತ್ತಿರಲಿಲ್ಲ. ಕೇಂದ್ರದ ಜೀವನ ಜ್ಯೋತಿ ಯೋಜನೆಯಲ್ಲಿ ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ಜೀವವಿಮೆ ಸಿಗುತ್ತದೆ. ಅಲ್ಲಿಂದ ಶುರು ಮಾಡು, ಸಂಸಾರ ಬೆಳೆದಂತೆ ಟರ್ಮ್ ವಿಮೆ ನೋಡು.

ಷೇರು ಪೇಟೆಯ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರದಲ್ಲಿ ಒಂದೇ ದಿನಕ್ಕೆ ದುಡಿದೆ ಎಂದು ಗೆಳೆಯ ಫೋನ್ ತೋರಿಸಿದರೆ, ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಿಟ್ಟುಕೊ. ಮೂರು ಹಣಕಾಸು ವರ್ಷಗಳಲ್ಲಿ ಅದಕ್ಕಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿದ್ದು.

ಇನ್ನು ನಮ್ಮ ಸಮಾಜದೊಳಗಿನ ಒಂದು ಮಾತು. ಕೆಲವರಿಗೆ ಬೇಸರವಾಗಬಹುದು, ಆದರೂ ಹೇಳಲೇಬೇಕು. ನಮ್ಮ ಊರುಗಳಲ್ಲಿ ಪತ್ತಿನ ಸಹಕಾರಿಗಳು ಬಹಳ. ಎಷ್ಟೋ ಸಂಸ್ಥೆಗಳು ಪ್ರಾಮಾಣಿಕವಾಗಿ ನಡೆದು ರೈತರಿಗೆ, ಸಣ್ಣ ವ್ಯಾಪಾರಿಗಳಿಗೆ ಆಸರೆಯಾಗಿವೆ. ಆದರೆ ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ. ಬ್ಯಾಂಕ್ ಅಲ್ಲದ ಪತ್ತಿನ ಸಂಘಕ್ಕೆ, ಪತ್ತಿನ ಸೌಹಾರ್ದ ಸಹಕಾರಿಗೆ ಆ ವಿಮೆ ಇಲ್ಲ. ಎರಡರ ಬೋರ್ಡೂ ದೂರದಿಂದ ಒಂದೇ ಥರ ಕಾಣುತ್ತದೆ. ಅಧ್ಯಕ್ಷರು ನಮ್ಮವರು, ಗೋಡೆಯ ಮೇಲೆ ಬಸವಣ್ಣನವರ ಚಿತ್ರವಿದೆ, ಉದ್ಘಾಟನೆಗೆ ಪೂಜ್ಯರು ಬಂದಿದ್ದರು ಎಂದು ಜನ ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಇಡುತ್ತಾರೆ. ಪೂಜ್ಯರ ಆಶೀರ್ವಾದ ಜಾಮೀನಲ್ಲ. ಲೆಕ್ಕಪರಿಶೋಧನೆಯ ವರದಿ ಕೇಳುವುದು ಅವಿಶ್ವಾಸವೂ ಅಲ್ಲ. ಬೇರೆಯವರಿಗಿಂತ ಎರಡು ಪರ್ಸೆಂಟ್ ಹೆಚ್ಚು ಬಡ್ಡಿ ಕೊಡುತ್ತೇವೆ ಎಂದರೆ, ಆ ಹೆಚ್ಚಿನ ಬಡ್ಡಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಪ್ರಶ್ನೆ ಕೇಳುವುದನ್ನು ಅನುಭವ ಮಂಟಪದಿಂದ ಕಲಿತವರು ನಾವು. ಠೇವಣಿಯ ಕೌಂಟರಿನ ಮುಂದೆ ಅದನ್ನು ಮರೆಯಬಾರದು.

ನನ್ನ ವಿನಂತಿ ಎರಡು. ಮಠಗಳ ಪ್ರಸಾದ ನಿಲಯಗಳಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ, ವಿದ್ಯಾರ್ಥಿನಿಯರಿಗೆ ಎರಡು ಭಾನುವಾರ ಈ ಪಾಠವಾಗಲಿ. ಮಾರಾಟಕ್ಕೆ ಬರುವ ಏಜೆಂಟರನ್ನು ಕರೆಯುವುದು ಬೇಡ. ಊರೂರಿನಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಲೆಕ್ಕಾಧಿಕಾರಿಗಳು, ಶಿಕ್ಷಕರು ಇದ್ದಾರೆ. ಅವರಿಗೆ ಇದೂ ಒಂದು ದಾಸೋಹವೇ. ಎರಡನೆಯದು ಮನೆಗೆ. ಮಗಳಾಗಲಿ ಮಗನಾಗಲಿ ಮೊದಲ ಪಗಾರ ಪಡೆಯುವ ಮುನ್ನ, ಒಂದು ಸಂಜೆ ಮನೆಯ ಲೆಕ್ಕವನ್ನು ಅವರ ಮುಂದೆ ಬಿಚ್ಚಿಡಿ. ಏನಿದೆ, ಏನು ಸಾಲವಿದೆ, ಎಲ್ಲಿ ತಪ್ಪಿದಿರಿ, ನಾಮಿನಿ ಯಾರು ಎಂಬುದನ್ನೆಲ್ಲ ಹೇಳಿ. ತಪ್ಪನ್ನು ಹೇಳಿಕೊಂಡರೆ ತಂದೆಯ ಗೌರವ ಕಡಿಮೆಯಾಗುವುದಿಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ನನ್ನ ಮಗ ಆ ಬಾಕಿ ತೀರಿಸಲು ಹನ್ನೊಂದು ತಿಂಗಳು ಹಿಡಿಯಿತು. ನಾನು ಹಣ ಕೊಡಲು ಹೋದೆ, ಬೇಡ ಎಂದ. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಫೋನ್ ಮಾಡುತ್ತಾನೆ. ಅವನ ಲೆಕ್ಕ ಅವನು ಹೇಳುತ್ತಾನೆ, ನಮ್ಮ ಲೆಕ್ಕ ಅವನ ತಾಯಿ ಓದುತ್ತಾಳೆ. ವಹಿ ಈಗ ಅವಳ ಹತ್ತಿರ ಇದೆ.

ಆ ತರುಣನ ಮೊದಲ ಪಗಾರ ಇಷ್ಟರಲ್ಲಿ ಬಂದಿರಬೇಕು. ಮುಂದಿನ ಗೋಷ್ಠಿಗೆ ಬಂದರೆ ಪ್ರಸಾದಕ್ಕೆ ಅವನ ಪಕ್ಕದಲ್ಲೇ ಕೂಡುತ್ತೇನೆ.