ಫೋನಿನಲ್ಲಿರುವ ದಾಖಲೆ ನಿಮ್ಮದಲ್ಲ, ಇನ್ನೊಂದು ಕಡೆ ಇಳಿಸುವ ತನಕ

ಹೋದ ವರ್ಷ ಮುಂಗಾರಿನ ಒಂದು ಸಂಜೆ. ಕೃಷಿ ಹೊಂಡದ ಏರಿ ಮೇಲೆ ಬಗ್ಗಿ ಪಂಪಿನ ಫುಟ್‌ವಾಲ್ವ್ ಎತ್ತುತ್ತಿದ್ದೆ. ಜೇಬಿನಲ್ಲಿದ್ದ ಫೋನ್ ಜಾರಿ ನೀರಿಗೆ ಬಿತ್ತು. ತೆಗೆದು ಒರೆಸಿ ಮೂರು ದಿನ ಅಕ್ಕಿ ಡಬ್ಬದಲ್ಲಿ ಇಟ್ಟೆ. ಏನೂ ಆಗಲಿಲ್ಲ. ಹ್ಯಾಂಡ್‌ಪೋಸ್ಟಿಗೆ ತಂದು ರಿಪೇರಿಗೆ ಕೊಟ್ಟರೆ "ಬೋರ್ಡೇ ಹೋಗಿದೆ ಮೇಡಂ" ಅಂದರು.

ಫೋನ್ ಹೋಗಿದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ. ಅದರೊಳಗೆ ನನ್ನ ಎರಡೂವರೆ ವರ್ಷದ ಹೊಲ ಇತ್ತು. ಅದಕ್ಕೆ ಬೇಜಾರಾಯ್ತು.

ನಾವು ಐದು ಮನೆಯವರು ಸೇರಿ ಪಿಜಿಎಸ್ ಗುಂಪು ಮಾಡಿಕೊಂಡಿದ್ದೇವೆ. ಪಿಜಿಎಸ್ ಅಂದರೆ ರೈತರೇ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ಸಾವಯವ ಅಂತ ದೃಢೀಕರಿಸುವ ವ್ಯವಸ್ಥೆ. ಕನಿಷ್ಠ ಐದು ಜನ ಬೇಕು. ರಾಸಾಯನಿಕ ಬಿಟ್ಟ ತಕ್ಷಣ ಹೊಲ ಸಾವಯವ ಆಗೋದಿಲ್ಲ, ಪರಿವರ್ತನೆಯ ಅವಧಿ ಇದೆ. ಸಾಮಾನ್ಯವಾಗಿ ವಾರ್ಷಿಕ ಬೆಳೆಗೆ 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ. ಅಷ್ಟೂ ಕಾಲ ಏನು ಬಿತ್ತಿದಿರಿ, ಬೀಜ ಎಲ್ಲಿಂದ ಬಂತು, ಯಾವ ದಿನ ಯಾವ ಗೊಬ್ಬರ ಹಾಕಿದಿರಿ, ಎಷ್ಟು ಕೊಯ್ಲಾಯ್ತು ಅಂತ ಬರೆದಿಡಬೇಕು. ನನ್ನ ಬರಹವೆಲ್ಲ ಫೋನಿನಲ್ಲಿತ್ತು. ಬೇವಿನ ಹಿಂಡಿ ಚೀಲದ ಲೇಬಲ್, ಪಕ್ಕದ ಶುಂಠಿ ಹೊಲದ ಸಿಂಪರಣೆ ನಮ್ಮ ಕಡೆ ಹಾರದಂತೆ ಬದುವಿಗೆ ನೆಟ್ಟ ಗಿಡಗಳು, ಹೊಲದ ನಕ್ಷೆ, ಎಲ್ಲದರ ಫೋಟೋನೂ ಅದರಲ್ಲೇ.

ಪರಿಶೀಲನೆಯ ದಿನ ಬಂತು. ನನ್ನ ಹತ್ತಿರ ಉಳಿದಿದ್ದು ಗುಂಪಿನ ವಾಟ್ಸಾಪ್‌ಗೆ ಹಾಕಿದ್ದ ಒಂದಷ್ಟು ಫೋಟೋ. ಹಿಗ್ಗಿಸಿದರೆ ಲೇಬಲ್ಲಿನ ಅಕ್ಷರ ಓದಲಾಗುತ್ತಿರಲಿಲ್ಲ. ಯಾವ ದಿನ, ಯಾವ ಜಾಗದಲ್ಲಿ ತೆಗೆದದ್ದು ಅನ್ನುವ ಮಾಹಿತಿ ಫೈಲಿನಲ್ಲಿ ಇರಲಿಲ್ಲ. ಗುಂಪಿನ ಹಿರಿಯರೊಬ್ಬರು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಎಣ್ಣೆ ಮೆತ್ತಿದ ಎರಡು ನೋಟ್‌ಬುಕ್ ಮುಂದಿಟ್ಟರು, ಅವರದು ಪಾಸಾಯ್ತು. ತೋಟಗಾರಿಕೆ ಪದವಿ ಓದಿ ಬಂದ ನನ್ನ ಹೊಲವನ್ನು ಇನ್ನೊಂದು ಹಂಗಾಮು ಪರಿವರ್ತನೆಯಲ್ಲೇ ಇಡೋಣ ಅಂತ ಗುಂಪು ತೀರ್ಮಾನಿಸಿತು. ತೀರ್ಮಾನ ಸರಿಯಾಗೇ ಇತ್ತು. ಆ ಸಲದ ಅರಿಶಿನ ಮಾಮೂಲಿ ರೇಟಿಗೆ ಹೋಯ್ತು.

ಅವತ್ತಿಂದ ನನ್ನ ಅಭಿಪ್ರಾಯ ಇದು: ಫೋನಿನಿಂದ ಕಂಪ್ಯೂಟರಿಗೆ ಫೈಲ್ ಇಳಿಸುವುದು ಬೇಸಾಯದ ಕೆಲಸ. ಬಿತ್ತನೆ ರಾಗಿಯನ್ನು ಬೂದಿ ಬೆರೆಸಿ ತೆಗೆದಿಡುವುದು ಎಷ್ಟು ಬೇಸಾಯವೋ ಇದೂ ಅಷ್ಟೇ. "ಟೈಮ್ ಸಿಕ್ಕಾಗ ನೋಡೋಣ" ಅನ್ನುವ ಪಟ್ಟಿಗೆ ಇದು ಸೇರಬಾರದು.

ನಮ್ಮ ಜೀವನ ಎಷ್ಟು ಫೋನಿಗೆ ಬಂದಿದೆ ನೋಡಿ. ಪಹಣಿ, ಫ್ರೂಟ್ಸ್ ಐಡಿ, ಬೆಳೆ ಸಮೀಕ್ಷೆ ಆಪಿನಲ್ಲಿ ತೆಗೆದ ಫೋಟೋ, ಬೆಳೆ ವಿಮೆ ರಸೀದಿ, ಮಣ್ಣು ಪರೀಕ್ಷೆ ವರದಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹರಾಜಿನ ಚೀಟಿ, ನಮ್ಮ ಕೋಟೆ ಕಡೆ ಹತ್ತಿ ಬೀಜದ ಬಿಲ್. ಬೀಜ ಮೊಳೆಯದಿದ್ದರೆ ಪರಿಹಾರ ಕೇಳೋಕೆ ಆ ಬಿಲ್ಲೇ ಆಧಾರ. ಆನೆ ನುಗ್ಗಿ ಬೆಳೆ ತುಳಿದರೆ ಅರಣ್ಯ ಇಲಾಖೆಗೆ ಕೊಡುವ ಅರ್ಜಿಗೆ ಅವತ್ತಿನ ಫೋಟೋ ಬಲ. ಇಷ್ಟನ್ನೂ ಒಂದೇ ಗಾಜಿನ ತುಂಡಿನೊಳಗೆ ಇಟ್ಟು ಗದ್ದೆ ಬಯಲಲ್ಲಿ ಓಡಾಡ್ತೀವಿ.

ಒಂದು ಆಪ್ ನಂಬಿ ಕೂತರೆ ಏನಾಗುತ್ತೆ

ನಾವು ಹಾಸ್ಟೆಲ್ಲಿನಲ್ಲಿದ್ದಾಗ ಫೈಲ್ ಕಳಿಸೋದು ಅಂದರೆ ಶೇರ್‌ಇಟ್. ಪಿಕ್ಚರ್, ನೋಟ್ಸ್, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಅದರಲ್ಲೇ. ಅದಿಲ್ಲದಿದ್ದರೆ ಕ್ಸೆಂಡರ್. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆಪ್‌ಗಳನ್ನು ನಿಷೇಧಿಸಿತು. ಎಲ್ಲರಿಗೂ ನೆನಪಿರೋದು ಟಿಕ್‌ಟಾಕ್ ಮಾತ್ರ. ಆದರೆ ಅದೇ ಪಟ್ಟಿಯಲ್ಲಿ ಶೇರ್‌ಇಟ್, ಕ್ಸೆಂಡರ್, ಇಎಸ್ ಫೈಲ್ ಎಕ್ಸ್‌ಪ್ಲೋರರ್, ಪಹಣಿ ಸ್ಕ್ಯಾನ್ ಮಾಡಲು ನಮ್ಮಲ್ಲಿ ಎಷ್ಟೋ ಜನ ಬಳಸುತ್ತಿದ್ದ ಕ್ಯಾಮ್‌ಸ್ಕ್ಯಾನರ್ ಕೂಡ ಇದ್ದವು.

ನಿಷೇಧ ಸರಿಯೋ ತಪ್ಪೋ ಅನ್ನೋದು ಇಲ್ಲಿನ ವಿಷಯ ಅಲ್ಲ. ಆಪ್ ಇವತ್ತು ಇರುತ್ತೆ, ನಾಳೆ ಇರಲ್ಲ. ಫೈಲ್ ಮಾತ್ರ ಸಾಮಾನ್ಯ ಜೆಪಿಜಿ, ಪಿಡಿಎಫ್ ರೂಪದಲ್ಲಿ ನಿಮ್ಮದೇ ಫೋಲ್ಡರಿನಲ್ಲಿ ಇರಬೇಕು. ಹಳೇ ಆಪ್ ಬೇಕು ಅಂತ ಯಾರೋ ಕಳಿಸಿದ ಎಪಿಕೆ ಫೈಲ್ ಹಾಕಿಕೊಳ್ಳುವವರು ಈಗಲೂ ಇದ್ದಾರೆ. ಖಂಡಿತ ಬೇಡ. ಪಿಎಂ ಕಿಸಾನ್ ಹೆಸರಿನ ನಕಲಿ ಎಪಿಕೆ ವಾಟ್ಸಾಪ್‌ನಲ್ಲಿ ಓಡಾಡಿ ರೈತರ ಖಾತೆ ಖಾಲಿ ಮಾಡಿದ್ದಿದೆ. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ನಮ್ಮ ಗುಂಪಿನಲ್ಲಿ ಬಳಸಿ ನೋಡಿದ್ದು

ಪರಿಶೀಲನೆ ಆದಮೇಲೆ ಐದೂ ಜನ ಕೂತು ಬೇರೆ ಬೇರೆ ದಾರಿ ಬಳಸಿ ನೋಡಿದೆವು.

ಮೊದಲನೆಯದು ಕೇಬಲ್. ಹಳೇದು, ಆದರೂ ನನ್ನ ಮೊದಲ ಓಟು ಇದಕ್ಕೇ. ನೆಟ್ ಬೇಡ, ಆಪ್ ಬೇಡ, ಜಾಹೀರಾತಿಲ್ಲ. ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಮೊದಲು ಬರೀ ಚಾರ್ಜ್ ಆಗುತ್ತೆ. ಮೇಲಿನಿಂದ ಪರದೆ ಎಳೆದು ಯುಎಸ್‌ಬಿ ಸೂಚನೆ ಒತ್ತಿ 'ಫೈಲ್ ಟ್ರಾನ್ಸ್‌ಫರ್' ಆರಿಸಬೇಕು. ಫೋಟೋಗಳು ಡಿಸಿಐಎಂ ಅನ್ನುವ ಫೋಲ್ಡರಿನಲ್ಲಿ ಇರುತ್ತವೆ. ನಮ್ಮ ಹುಡುಗನೊಬ್ಬ ಅರ್ಧ ದಿನ ಒದ್ದಾಡಿದ. ಕೊನೆಗೆ ನೋಡಿದರೆ ಅವನದು ಬರೀ ಚಾರ್ಜಿಂಗ್ ಕೇಬಲ್! ಡೇಟಾ ಕೇಬಲ್ ಅಂತ ಕೇಳಿ ತಗೊಳ್ಳಿ.

ಎರಡನೆಯದು ಲೋಕಲ್‌ಸೆಂಡ್. ಉಚಿತ, ಓಪನ್ ಸೋರ್ಸ್ ಆಪ್. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದಕ್ಕೂ ಸಿಗುತ್ತೆ. ಖಾತೆ ತೆರೆಯೋದು, ಓಟಿಪಿ ಏನೂ ಇಲ್ಲ. ಎರಡೂ ಸಾಧನ ಒಂದೇ ವೈಫೈನಲ್ಲಿ ಇದ್ದರೆ ಸಾಕು, ಇಂಟರ್ನೆಟ್ ಬೇಕಿಲ್ಲ. ಮನೆಯಲ್ಲಿ ವೈಫೈ ಇಲ್ಲದವರು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಆಗ ಮೊಬೈಲ್ ಡೇಟಾ ಆಫ್ ಮಾಡೋದು ಮರೆಯಬೇಡಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಅಪ್‌ಡೇಟ್ ಶುರುಮಾಡಿ ದಿನದ ಪ್ಯಾಕ್ ನುಂಗಿಬಿಡುತ್ತೆ. ಫೋನಿಗೆ ಲ್ಯಾಪ್‌ಟಾಪ್ ಕಾಣಿಸದಿದ್ದರೆ ವಿಂಡೋಸ್‌ನಲ್ಲಿ ಆ ನೆಟ್‌ವರ್ಕ್ 'ಪಬ್ಲಿಕ್' ಅಂತ ಇರಬಹುದು, ಅದನ್ನು 'ಪ್ರೈವೇಟ್' ಮಾಡಿ. ಅಂತರಸಂತೆ ದಾಟಿ ಕಾಡಂಚಿಗೆ ಹೋದಂತೆ ಸಿಗ್ನಲ್ ಕೈಕೊಡುವ ಊರುಗಳಿಗೆ ಇದು ಸರಿಹೊಂದುತ್ತೆ.

ಮೂರನೆಯದು ಕ್ವಿಕ್ ಶೇರ್. ಗೂಗಲ್‌ನವರ ನಿಯರ್‌ಬೈ ಶೇರ್ 2024ರ ಜನವರಿಯಲ್ಲಿ ಈ ಹೆಸರಿಗೆ ಬಂತು. ಹೆಚ್ಚಿನ ಆಂಡ್ರಾಯ್ಡ್ ಫೋನಿನಲ್ಲಿ ಮೊದಲೇ ಇರುತ್ತೆ, ವಿಂಡೋಸಿಗೆ ಬೇರೆಯಾಗಿ ಹಾಕಿಕೊಳ್ಳಬೇಕು. ನಮ್ಮ ಗುಂಪಿನ ಇಬ್ಬರು ಇದನ್ನೇ ರೂಢಿ ಮಾಡಿಕೊಂಡಿದ್ದಾರೆ.

ಲ್ಯಾಪ್‌ಟಾಪ್ ಇಲ್ಲದವರು ಬೇಜಾರಾಗಬೇಡಿ. ಓಟಿಜಿ ಪೆನ್‌ಡ್ರೈವ್ ಸಿಗುತ್ತೆ, ನೇರ ಫೋನಿಗೇ ಚುಚ್ಚಬಹುದು. ಫೋನಿನ ಫೈಲ್ಸ್ ಆಪಿನಲ್ಲೇ ಕಾಪಿ ಮಾಡಿ ಬೀರುವಿನಲ್ಲಿ ಪಹಣಿ ಜೊತೆ ಇಡಿ.

ಯಾವುದು ಒಳ್ಳೇದು ಅಂತ ಜಗಳ ಬೇಡ. ನಾನು ಕೇಳುವ ಪ್ರಶ್ನೆ ಮೂರೇ. ನೆಟ್ ಇಲ್ಲದೆ ನಡೆಯುತ್ತಾ? ಫೈಲ್ ಕುಗ್ಗಿಸದೆ ಮೂಲದ ಹಾಗೇ ಇಳಿಸುತ್ತಾ? ಕೆಲಸಕ್ಕೆ ಸಂಬಂಧವಿಲ್ಲದ ಕಾಂಟ್ಯಾಕ್ಟ್, ಎಸ್ಸೆಮ್ಮೆಸ್ ಅನುಮತಿ ಕೇಳದೆ ಇರುತ್ತಾ? ಮೂರಕ್ಕೂ ಹೌದು ಅಂದರೆ ಬಳಸಿ.

"ವಾಟ್ಸಾಪ್ ಇದೆಯಲ್ಲ, ಡ್ರೈವ್ ಇದೆಯಲ್ಲ"

ಈ ಮಾತು ಎಲ್ಲರೂ ಹೇಳ್ತಾರೆ, ನಾನೂ ಹೇಳುತ್ತಿದ್ದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತೆ, ತೆಗೆದ ಜಾಗ ಮತ್ತು ಸಮಯದ ಮಾಹಿತಿ ಅಳಿಯುತ್ತೆ. ಎಚ್‌ಡಿ ಆರಿಸಿದರೂ ಸ್ವಲ್ಪ ಕುಗ್ಗೋದೇ. ಕಳಿಸಲೇಬೇಕಾದರೆ ಪಿನ್ ಗುರುತು ಒತ್ತಿ 'ಡಾಕ್ಯುಮೆಂಟ್' ಅಂತ ಕಳಿಸಿ, ಮೂಲ ಫೈಲ್ ಹಾಗೇ ಹೋಗುತ್ತೆ. ನನಗೆ ಇದು ಗೊತ್ತಿರಲಿಲ್ಲ ಅನ್ನೋದು ನನ್ನದೇ ತಪ್ಪು.

ಗೂಗಲ್ ಖಾತೆಯ ಉಚಿತ ಜಾಗ 15 ಜಿಬಿ. ಮೇಲ್, ಡ್ರೈವ್, ಫೋಟೋಸ್ ಮೂರೂ ಅದರಲ್ಲೇ. 2021ರ ಜೂನ್ 1ರಿಂದ ಹಾಕುವ ಫೋಟೋಗಳೂ ಅದೇ ಲೆಕ್ಕಕ್ಕೆ ಬರುತ್ತವೆ. ತುಂಬಿದ ಮೇಲೆ ಹೊಸ ಫೋಟೋ ಮೇಲೆ ಹೋಗೋದು ನಿಂತಿರುತ್ತೆ, ನಾವು ಗಮನಿಸಿರಲ್ಲ. ಹಾಗಂತ ಡ್ರೈವ್ ಬೇಡ ಅಂತಲ್ಲ. ಮೂರನೇ ಪ್ರತಿ ಅಲ್ಲಿರಲಿ, ಇರುವ ಒಂದೇ ಪ್ರತಿ ಅಲ್ಲಿ ಬೇಡ.

ಇನ್ನೊಂದು ಮಾತು. ಅರ್ಜಿ ಹಾಕಲು ಹೋದಾಗ ಸೈಬರ್ ಸೆಂಟರಿನ ನಂಬರಿಗೆ ಆಧಾರ್, ಪಾಸ್‌ಬುಕ್, ಪಹಣಿ ಎಲ್ಲ ಕಳಿಸಿಬಿಡ್ತೀವಿ. ಅಲ್ಲಿನ ಕಂಪ್ಯೂಟರಿನ 'ಡೌನ್‌ಲೋಡ್ಸ್' ಫೋಲ್ಡರಿನಲ್ಲಿ ಊರಿಗೆ ಊರೇ ಕೂತಿರುತ್ತೆ. ಅಂಗಡಿಯವರನ್ನು ದೂರುತ್ತಿಲ್ಲ, ಅವರಿಗೂ ನೂರು ಕೆಲಸ. ಪೆನ್‌ಡ್ರೈವಿನಲ್ಲಿ ಬೇಕಾದ ಫೈಲ್ ಮಾತ್ರ ಒಯ್ಯಿರಿ. ಕೆಲಸ ಮುಗಿದ ಮೇಲೆ ನಿಂತು ಅಳಿಸಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಆಧಾರ್ ಆದಷ್ಟೂ ಮೊದಲ 8 ಅಂಕಿ ಮುಚ್ಚಿದ 'ಮಾಸ್ಕ್ಡ್' ಪ್ರತಿ ಕೊಡಿ. ಅಲ್ಲಿ ವಾಟ್ಸಾಪ್ ವೆಬ್ ತೆರೆದಿದ್ದರೆ ನಿಮ್ಮ ಫೋನಿನ 'ಲಿಂಕ್ಡ್ ಡಿವೈಸಸ್' ನೋಡಿ ಲಾಗೌಟ್ ಮಾಡಿ.

ಭಾನುವಾರದ ಅರ್ಧ ಗಂಟೆ

ನಾನೀಗ ಮಾಡುವುದು ಇಷ್ಟು:

- ಪ್ರತಿ ಭಾನುವಾರ ರಾತ್ರಿ ವಾರದ ಫೋಟೋ, ಬಿಲ್ ಕಂಪ್ಯೂಟರಿಗೆ. 'ಕಟ್' ಬೇಡ, 'ಕಾಪಿ' ಮಾಡಿ. ಅಲ್ಲಿ ತೆರೆದು ನೋಡಿದ ಮೇಲಷ್ಟೇ ಫೋನಿನಿಂದ ಅಳಿಸಿ.
- ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಹೊಲಕ್ಕೊಂದು.
- ಹೆಸರಿನಲ್ಲಿ ಮೊದಲು ವರ್ಷ, ತಿಂಗಳು, ದಿನ: '2025-06-14 ಮೇಲಿನ ಹೊಲ ಬೇವಿನ ಹಿಂಡಿ'. ಹೀಗಿಟ್ಟರೆ ಫೈಲುಗಳು ತಾವೇ ಸಾಲಾಗಿ ನಿಲ್ಲುತ್ತವೆ.
- ತಿಂಗಳಿಗೊಮ್ಮೆ ಎಲ್ಲವೂ ಪೆನ್‌ಡ್ರೈವಿಗೆ. ಅದು ತಂಗಿ ಮನೆಯಲ್ಲಿ ಇರುತ್ತೆ.
- ಗೊಬ್ಬರ, ಸಿಂಪರಣೆ, ಕೊಯ್ಲಿನ ಲೆಕ್ಕ ನೋಟ್‌ಬುಕ್ಕಿನಲ್ಲೂ. ಹಿರಿಯರಿಂದ ಕಲಿತಿದ್ದು.

ಬಿತ್ತನೆ ಬೀಜವನ್ನು ನಮ್ಮಜ್ಜಿ ಒಂದೇ ಮಡಕೆಯಲ್ಲಿ ಇಡುತ್ತಿರಲಿಲ್ಲ. ಒಂದಕ್ಕೆ ಹುಳ ಬಿದ್ದರೆ ಇನ್ನೊಂದಿರಲಿ ಅಂತ. ಅವರಿಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ. ನನಗೆ ಕಾಲೇಜು ಮುಗಿಸಿ, ಒಂದು ಹಂಗಾಮು ಕಳೆದುಕೊಂಡ ಮೇಲೆ ಅರ್ಥವಾಯ್ತು.

ಇದನ್ನು ಓದುತ್ತಿರುವ ಫೋನಿನ ಗ್ಯಾಲರಿ ಒಮ್ಮೆ ತೆರೆಯಿರಿ. ಈ ಹಂಗಾಮಿನ ಬೀಜದ ಬಿಲ್ ಹುಡುಕಿ. ಅದರ ಇನ್ನೊಂದು ಪ್ರತಿ ಎಲ್ಲಿದೆ ಅಂತ ಹೇಳೋಕೆ ಆಗದಿದ್ದರೆ, ಭಾನುವಾರದ ತನಕ ಕಾಯಬೇಡಿ. ಇವತ್ತು ರಾತ್ರಿಯೇ ಕೇಬಲ್ ಹುಡುಕಿ.